ಬಟ್ಟೆ ಅಂಗಡಿಗೆ ಬಂದ ಬಟ್ಟೆಯ ಪಾರ್ಸೆಲ್

ಕಳೆದ ರಮ್ಜಾನ್ ತಿಂಗಳಲ್ಲಿ ನಾನೊಂದು ತಪ್ಪು ಮಾಡಿದೆ. ಮೊಬೈಲಿನ ಒಂದು ಆ್ಯಪ್‌ನಲ್ಲಿ ಸೇಲ್ ನಡೆಯುತ್ತಿತ್ತು. ಈದ್‌ಗೆಂದು 599 ರೂಪಾಯಿಯ ಕುರ್ತಾ ಬುಕ್ ಮಾಡಿದೆ. ಹಗಲಲ್ಲಿ ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಅಬ್ಬಾ ಅಂಗಡಿಯ ವಿಳಾಸ ಕೊಟ್ಟೆ. ಮಂಡ್ಯದ ಪೇಟೆ ಬೀದಿ ಹತ್ತಿರ ಅಬ್ಬಾಗೆ ಇರುವುದು ಒಂದು ಪುಟ್ಟ ಬಟ್ಟೆ ಅಂಗಡಿ!

ಪಾರ್ಸೆಲ್ ಬಂದಾಗ ಅಬ್ಬಾ ಗಲ್ಲಾದಿಂದ 599 ರೂಪಾಯಿ ತೆಗೆದು ಕೊಟ್ಟರು. ಅವತ್ತು ಅಷ್ಟು ಹೊತ್ತಿಗೆ ಆಗಿದ್ದ ವ್ಯಾಪಾರ ಒಂದು ಸೀರೆ ಫಾಲ್ಸ್, ಎರಡು ಬ್ಲೌಸ್ ಪೀಸ್. ಅವರು ನನ್ನನ್ನು ಬೈಯಲಿಲ್ಲ. ರಾತ್ರಿ ನೋಟ್ ಪುಸ್ತಕದಲ್ಲಿ ‘ಮನೆ ಖರ್ಚು 599’ ಎಂದು ಬರೆದರು, ಅಷ್ಟೆ. ನಮ್ಮ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಡ್ರಾಯಿಂಗ್ಸ್ ಎನ್ನುತ್ತಾರೆ. ಮಾಲೀಕ ಸ್ವಂತಕ್ಕೆ ತೆಗೆದ ಹಣವನ್ನು ಬಂಡವಾಳದಿಂದ ಕಳೆಯಬೇಕು. ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದ ಆ ಪದದ ಅರ್ಥ ನನಗೆ ತಿಳಿದದ್ದು ಆ ರಾತ್ರಿ. ನಮ್ಮ ಬಂಡವಾಳವನ್ನೇ ಕಳೆದು, ನಮ್ಮ ಗಿರಾಕಿಗಳನ್ನು ಕರೆದೊಯ್ಯುವವರಿಗೇ ಕೊಟ್ಟಿದ್ದೆ.

ದೊಡ್ಡ ಕಂಪನಿಗಳ ವಿರುದ್ಧ ಹೋರಾಟ ನಮ್ಮ ರಾಜ್ಯಕ್ಕೆ ಹೊಸದಲ್ಲ. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘಕ್ಕೆ ನಮ್ಮ ಜಿಲ್ಲೆ ಗಟ್ಟಿ ನೆಲೆ. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ನಾಯಕತ್ವದಲ್ಲಿ ರೈತರು 1992ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಾಗದಪತ್ರ ಸುಟ್ಟರು. 1995ರಲ್ಲಿ ಅದೇ ಊರಿನಲ್ಲಿ ಕೆಂಟಕಿ ಫ್ರೈಡ್ ಚಿಕನ್ ಮಳಿಗೆ ತೆರೆಯಿತು. 1996ರ ಜನವರಿ 30ರಂದು, ಗಾಂಧೀಜಿ ಹುತಾತ್ಮರಾದ ದಿನವೇ, ರೈತರು ಅದನ್ನೂ ಒಡೆದರು. ವಸ್ತುವಿಗೆ ಮಾಡಿದ ಹಾನಿ ಹಿಂಸೆಯಲ್ಲ ಎಂಬುದು ಪ್ರೊಫೆಸರ್ ವಾದವಾಗಿತ್ತು.

ನಾವು ಏನು ಬಿತ್ತಬೇಕು, ಏನು ತಿನ್ನಬೇಕು ಎಂದು ತೀರ್ಮಾನಿಸುವವರು ಯಾರು ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನನ್ನ ಸಲಾಂ. ಆದರೆ ದಾರಿ ನನಗೆ ಒಪ್ಪಿಗೆಯಿಲ್ಲ. ಕಲ್ಲು ಯಾವ ಅಂಗಡಿಗೆ ಬಿದ್ದರೂ ಅಂಗಡಿಯವರ ಮಕ್ಕಳಾದ ನಮಗೆ ಎದೆ ಝಲ್ಲೆನ್ನುತ್ತದೆ. ಅಲ್ಲದೆ ಫಲವೇನು? ಗಾಜು ಮತ್ತೆ ಹಾಕಿದರು, ಗಿರಾಕಿಗಳು ಮತ್ತೆ ಬಂದರು.

2012ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಬಹುಬ್ರಾಂಡ್ ಚಿಲ್ಲರೆ ವ್ಯಾಪಾರದಲ್ಲಿ ಶೇ. 51ರಷ್ಟು ವಿದೇಶಿ ಬಂಡವಾಳಕ್ಕೆ ಒಪ್ಪಿಗೆ ಕೊಟ್ಟಿತು. ದೇಶದಾದ್ಯಂತ ವ್ಯಾಪಾರಿಗಳು ಬಾಗಿಲು ಹಾಕಿ ಬಂದ್ ಮಾಡಿದರು. ಆಗ ಒಂದು ಷರತ್ತು ಇತ್ತು: ಇಂಥ ಮಳಿಗೆಗಳು ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ಮಾತ್ರ. 2011ರ ಜನಗಣತಿಯಲ್ಲಿ ಮಂಡ್ಯದ ಜನಸಂಖ್ಯೆ ಸುಮಾರು 1.3 ಲಕ್ಷ. ಹಾಗಾದರೆ ನಾವು ಬಚಾವ್ ಎಂದುಕೊಳ್ಳಬಹುದಿತ್ತು. ಆದರೆ ಅವರು ಬಾಗಿಲಿನಿಂದ ಬರಲಿಲ್ಲ, ನಮ್ಮ ಜೇಬಿನಲ್ಲಿರುವ ಮೊಬೈಲಿನಿಂದ ಬಂದರು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಸುಮಾರು 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್‌ನ ಶೇ. 77ರಷ್ಟು ಪಾಲು ಕೊಂಡಿತು. ಅಬ್ಬಾ ಪೈಪೋಟಿ ನಡೆಸಬೇಕಾದದ್ದು ಇಷ್ಟು ದುಡ್ಡಿನ ಜೊತೆ.

ಕಲ್ಲಿಲ್ಲದ ಹೋರಾಟವೂ ಇದೆ. ಕೆಲವು ಮಾರಾಟಗಾರರಿಗೆ ಮಾತ್ರ ಅನುಕೂಲ ಮಾಡಿಕೊಡುತ್ತಾರೆ, ಭಾರೀ ರಿಯಾಯಿತಿಯಿಂದ ಪೈಪೋಟಿ ಕೆಡಿಸುತ್ತಾರೆ ಎಂದು ದೆಹಲಿಯ ವ್ಯಾಪಾರಿಗಳ ಸಂಘ ದೂರು ಕೊಟ್ಟಿತು. 2020ರ ಜನವರಿಯಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್ ಮೇಲೆ ತನಿಖೆಗೆ ಆದೇಶಿಸಿತು. ಕಂಪನಿಗಳು ನಮ್ಮ ಕರ್ನಾಟಕ ಹೈಕೋರ್ಟಿಗೆ ಹೋದವು. 2021ರಲ್ಲಿ ಕೋರ್ಟು ಅವರ ಅರ್ಜಿ ವಜಾ ಮಾಡಿತು. ಸಣ್ಣ ವ್ಯಾಪಾರಿಗಳು ಒಗ್ಗೂಡಿದರೆ ದೊಡ್ಡವರೂ ಉತ್ತರ ಕೊಡಬೇಕಾಗುತ್ತದೆ.

ಇದನ್ನೆಲ್ಲ ಹೇಳಿದಾಗ ನನ್ನ ಗೆಳತಿ ಕೇಳಿದಳು: “ಸಣ್ಣ ಅಂಗಡಿಯವರೇನು ಸಾಚಾನಾ? ಬೆಲೆ ಬರೆದಿರಲ್ಲ, ಬಿಲ್ ಕೊಡಲ್ಲ, ವಾಪಸ್ ತಗೊಳ್ಳಲ್ಲ. ಬಡವರಿಗೆ ಕಡಿಮೆ ರೇಟಲ್ಲಿ ಸಿಕ್ಕರೆ ನಿಂಗೇನು ಕಷ್ಟ?” ಅವಳ ಮಾತು ನಿಜ. ನಮ್ಮ ಅಂಗಡಿಯಲ್ಲೂ ಬೆಲೆಚೀಟಿ ಇರಲಿಲ್ಲ. ತೂಕದಲ್ಲಿ ಮೋಸ ಮಾಡುವವರಿಗೆ ನಮ್ಮ ದೀನ್‌ನಲ್ಲಿ ಎಷ್ಟು ಕಠಿಣ ಎಚ್ಚರಿಕೆ ಇದೆ ಎಂದು ನಮಗೆಲ್ಲ ಗೊತ್ತು. ಅದು ದೊಡ್ಡವರಿಗೂ ಚಿಕ್ಕವರಿಗೂ ಒಂದೇ.

ಆದರೆ 2020ರ ಲಾಕ್‌ಡೌನ್ ನೆನಪಿದೆಯಾ? ಅಬ್ಬಾ ಅಂಗಡಿ ಮುಚ್ಚಿತ್ತು. ನಮ್ಮ ಬೀದಿಯ ದಿನಸಿ ಅಂಗಡಿಯ ಅಣ್ಣ ಅಕ್ಕಿ, ಬೇಳೆ, ಎಣ್ಣೆ ಕೊಟ್ಟು ಪುಸ್ತಕದಲ್ಲಿ ಬರೆದುಕೊಂಡರು. ಯಾವಾಗ ಕೊಡ್ತೀರಿ ಎಂದು ಕೇಳಲಿಲ್ಲ. ಆ ನಂಬಿಕೆಯನ್ನು ಯಾವ ಆ್ಯಪ್ ಕೊಡುತ್ತದೆ? ಒಂದು ಅಂಗಡಿ ಮುಚ್ಚಿದರೆ ಒಂದು ಸಾಲದ ಪುಸ್ತಕವೂ ಮುಚ್ಚುತ್ತದೆ.

ಅಂಗಡಿ ಸಾಯಲು ಯಾರೂ ಅದನ್ನು ಒಡೆಯಬೇಕಿಲ್ಲ. ಮದ್ದೂರಿಗೆ ಹೋಗಿ ನೋಡಿ. 2023ರಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ವಾಹನಗಳು ಬೈಪಾಸಿನಲ್ಲಿ ಹೋದವು, ಹಳೆ ರಸ್ತೆಯ ಅಂಗಡಿ, ಹೋಟೆಲುಗಳ ವ್ಯಾಪಾರ ಕುಸಿಯಿತು. ಸೇಲ್ ಬಂದಾಗ ನಾವೂ ಹಾಗೆಯೇ ನಮ್ಮ ಬೀದಿಯನ್ನು ಬೈಪಾಸ್ ಮಾಡುತ್ತೇವೆ.

ಉಳಿಸುವುದೂ ಹೋರಾಟವೇ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ರೈತ ಸೈಯದ್ ಘನಿ ಖಾನ್ ನೂರಾರು ನಾಟಿ ಭತ್ತದ ತಳಿಗಳನ್ನು ಬೆಳೆದು ಉಳಿಸಿದ್ದಾರೆ. ಕಂಪನಿ ಬೀಜ ಬೇಡ ಎನ್ನುವವರ ಕೈಯಲ್ಲಿ ಬೇರೆ ಬೀಜ ಇರಬೇಕಲ್ಲವೇ? ಹಾಗೆಯೇ ಆ್ಯಪ್ ಬೇಡ ಎನ್ನಬೇಕಾದರೆ ಬೀದಿಯಲ್ಲಿ ಒಳ್ಳೆಯ ಅಂಗಡಿ ಉಳಿದಿರಬೇಕು.

ಸ್ನೇಹಿತರೇ, ಆನ್‌ಲೈನ್ ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. ಮೂರೇ ಕೆಲಸ ಮಾಡೋಣ. ಬುಕ್ ಮಾಡುವ ಮುಂಚೆ ಇದು ನಿಜವಾಗಿ ಬೇಕಾ, ಇಲ್ಲ ಇಸ್ರಾಫಾ ಎಂದು ಒಂದು ರಾತ್ರಿ ಯೋಚಿಸೋಣ. ಬೇಕೇ ಇದ್ದರೆ ಮೊದಲು ನಮ್ಮ ಊರಿನ ಅಂಗಡಿಯಲ್ಲಿ ವಿಚಾರಿಸೋಣ. ಅಲ್ಲಿ ಬಿಲ್ ಕೇಳಿ ಪಡೆಯೋಣ, ಅದು ನಮ್ಮ ಹಕ್ಕು. ಅಂಗಡಿಯವರ ಮಕ್ಕಳಿಗೆ ನಾಲ್ಕನೆಯದೂ ಇದೆ: ಕಾಲೇಜಿನಲ್ಲಿ ಕಲಿತದ್ದನ್ನು ಅಂಗಡಿಗೆ ತನ್ನಿ.

ನಾನು ಎರಡು ಭಾನುವಾರ ಕೂತು ಅಬ್ಬಾ ಅಂಗಡಿಯ ಬಟ್ಟೆಗಳಿಗೆಲ್ಲ ಬೆಲೆಚೀಟಿ ಅಂಟಿಸಿದೆ. “ಎಂಟು ದಿನದಲ್ಲಿ ವಾಪಸ್ ತೆಗೆದುಕೊಳ್ಳಲಾಗುವುದು” ಎಂಬ ಬೋರ್ಡನ್ನೂ ಹಾಕಿಸಿದೆ. ಅಬ್ಬಾ ಮೊದಲು ನಕ್ಕರು. ಈಗ ಹೊಸ ಮಾಲು ಬಂದರೆ ಚೀಟಿ ಎಲ್ಲಿ ಎಂದು ಅವರೇ ಕೇಳುತ್ತಾರೆ. ಆ ಕುರ್ತಾ? ಈದ್ ದಿನ ಹಾಕಿಕೊಂಡೆ. ಅಬ್ಬಾ ನೋಡಿ, “ರಂಗ್ ಅಚ್ಛಾ ಹೈ” ಎಂದರು. ಎರಡು ಸಲ ಒಗೆಯುವಷ್ಟರಲ್ಲಿ ಅದೂ ಹೋಯಿತು.