ಎಂಜಿನ್ನಿಗೂ ಜಾತಕ ಕೂಡಬೇಕು

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಒಮ್ಮೆ ಊರಿಗೆ ಬಂದವನು ಅಲ್ಲಿ ತಾನು ಬಳಸುತ್ತಿದ್ದ ಮಿಕ್ಸಿಯನ್ನು ನಮಗೆ ಕೊಟ್ಟು ಹೋದ. "ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ ಮಾವ" ಅಂದಿದ್ದ. ಅವನು ವಿಮಾನ ಹತ್ತಿದ ಮಾರನೆಯ ದಿನ ನಾನು ಅಂಗಡಿಯಿಂದ ಒಂದು ಅಡಾಪ್ಟರ್ ತಂದು ಅದನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ ಗುಂಡಿ ಒತ್ತಿದೆ. ಒಂದು ಕ್ಷಣ ಕಿವಿ ಕಿತ್ತುಹೋಗುವಂತೆ ಅರಚಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಅಲ್ಲಿಯ ಮನೆಗಳ ಪ್ಲಗ್ಗಿನಲ್ಲಿ 120 ವೋಲ್ಟ್, ನಮ್ಮಲ್ಲಿ 230. ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳುತ್ತಿರುವವನು ನಾನು! ನನ್ನಾಕೆ ಏನೂ ಅನ್ನಲಿಲ್ಲ. ಅದರ ಗಾಜಿನ ಜಾರನ್ನು ತೊಳೆದು ಹುಣಸೆಹಣ್ಣು ತುಂಬಿಟ್ಟಳು.

ಮೊನ್ನೆ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಇದು ನೆನಪಾಯಿತು. "ಸಾರ್, ಹಳೇ ಲಾರಿ ಮಾರ್ತಾರಲ್ಲ, ಹಾಗೇ ಕರೆಂಟ್ ರೈಲಿನ ಎಂಜಿನ್ನನ್ನೂ ಸೆಕೆಂಡ್ ಹ್ಯಾಂಡಲ್ಲಿ ಮಾರಬಹುದಾ?"

ಮಾರಬಹುದು, ಆದರೆ ಜಾತಕ ಕೂಡಬೇಕು. ಡೀಸೆಲ್ ಎಂಜಿನ್ನು ತನ್ನ ವಿದ್ಯುದಾಗಾರವನ್ನು ಹೊಟ್ಟೆಯಲ್ಲೇ ಹೊತ್ತು ತಿರುಗುತ್ತದೆ. ಹಳಿಯ ಅಗಲ ಹೊಂದಿದರೆ ಅರ್ಧ ಕೆಲಸ ಮುಗಿದ ಹಾಗೆ. ವಿದ್ಯುತ್ ಎಂಜಿನ್ನಿನ ಹೊಕ್ಕುಳಬಳ್ಳಿ ಮಾತ್ರ ತಲೆಯ ಮೇಲಿನ ತಂತಿಗೆ ಕಟ್ಟಿಕೊಂಡಿರುತ್ತದೆ. ಆ ತಂತಿಯಲ್ಲಿ ಎಷ್ಟು ವೋಲ್ಟ್, ಎ.ಸಿ.ಯೋ ಡಿ.ಸಿ.ಯೋ ಎಂಬುದು ದೇಶದಿಂದ ದೇಶಕ್ಕೆ, ಕೆಲವೊಮ್ಮೆ ಒಂದೇ ದೇಶದೊಳಗೂ ಬೇರೆ.

ಇಂಗ್ಲೆಂಡಿನಲ್ಲಿ ಆದದ್ದು ಇದೇ. ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ನಡುವೆ ಬೆಟ್ಟ ಹಾಯ್ದು ಹೋಗುವ ವುಡ್‌ಹೆಡ್ ಮಾರ್ಗವನ್ನು 1500 ವೋಲ್ಟ್ ಡಿ.ಸಿ.ಗೆ ವಿದ್ಯುದೀಕರಿಸುವ ಕೆಲಸ ಎರಡನೆಯ ಮಹಾಯುದ್ಧದಿಂದಾಗಿ ನಿಂತುಹೋಯಿತು. ಆದರೆ ಒಂದು ಎಂಜಿನ್ನು ಅಷ್ಟರಲ್ಲಿ, 1941ರಲ್ಲೇ, ತಯಾರಾಗಿಬಿಟ್ಟಿತ್ತು. ಎಂಜಿನ್ನಿದೆ, ತಂತಿಯಿಲ್ಲ! ಯುದ್ಧದಲ್ಲಿ ಜರ್ಜರಿತವಾದ ನೆದರ್ಲೆಂಡ್ಸಿನಲ್ಲಿ ಇದಕ್ಕೆ ತಿರುಗುಮುರುಗು ಪರಿಸ್ಥಿತಿ. ಅಲ್ಲಿಯ ತಂತಿಯೂ 1500 ವೋಲ್ಟ್ ಡಿ.ಸಿ., ಹಳಿಯ ಅಗಲವೂ ಅದೇ. 1947ರಲ್ಲಿ ಎಂಜಿನ್ನು ಎರವಲಾಗಿ ಅಲ್ಲಿಗೆ ಹೋಗಿ 1952ರವರೆಗೆ ದುಡಿಯಿತು. ಅಲ್ಲಿಯ ಚಾಲಕರು ಅದಕ್ಕೆ, ಬ್ರಿಟಿಷ್ ಸಿಪಾಯಿಗಳನ್ನು ಕರೆಯುವ ಹಾಗೆ, 'ಟಾಮಿ' ಎಂದು ಹೆಸರಿಟ್ಟರು. ತವರಿಗೆ ಮರಳಿದ ಮೇಲೆ ಆ ಹೆಸರಿನ ಫಲಕವನ್ನೇ ಅದಕ್ಕೆ ತೊಡಿಸಿದರು.

ವುಡ್‌ಹೆಡ್ ಮಾರ್ಗ 1954ರಲ್ಲಿ ಪೂರ್ತಿಯಾಯಿತು. ಪ್ರಯಾಣಿಕರ ಗಾಡಿಗೆಂದು ಏಳು ಹೊಸ ಎಂಜಿನ್ನುಗಳು ಬಂದವು. ಅವಕ್ಕೆ ಗ್ರೀಕ್, ರೋಮನ್ ಪುರಾಣಗಳ ಹೆಸರು: ಎಲೆಕ್ಟ್ರಾ, ಡಯಾನಾ, ಮಿನರ್ವಾ ಹೀಗೆ. ಎರಡೇ ವರ್ಷದಲ್ಲಿ, 1956ರಲ್ಲಿ, ಬ್ರಿಟನ್ ಮುಂದಿನ ಮಾರ್ಗಗಳಿಗೆಲ್ಲ 25,000 ವೋಲ್ಟ್ ಎ.ಸಿ. ಎಂದು ತೀರ್ಮಾನಿಸಿತು. ಕಾರಣ ಪಠ್ಯಪುಸ್ತಕದ್ದೇ. ವೋಲ್ಟೇಜು ಹದಿನಾರು ಪಟ್ಟಿಗೂ ಮಿಕ್ಕಿ ಏರಿಸಿದರೆ ಅಷ್ಟೇ ಶಕ್ತಿಗೆ ಬೇಕಾಗುವ ಪ್ರವಾಹ ಅಷ್ಟು ಪಟ್ಟು ತಗ್ಗುತ್ತದೆ. ತಂತಿ ಕಾದು ಆಗುವ ನಷ್ಟವೋ ಪ್ರವಾಹದ ವರ್ಗಕ್ಕೆ ಅನುಗುಣ. ತೆಳು ತಂತಿ ಸಾಕು, ಸಬ್‌ಸ್ಟೇಷನ್ನುಗಳೂ ದೂರದೂರ. ಎ.ಸಿ. ಎಂಜಿನ್ನು ಆ ವೋಲ್ಟೇಜನ್ನು ತನ್ನೊಳಗಿನ ಟ್ರಾನ್ಸ್‌ಫಾರ್ಮರಿನಿಂದ ಇಳಿಸಿಕೊಳ್ಳುತ್ತದೆ. ಪಾಪದ ಹಳೇ ಡಿ.ಸಿ. ಎಂಜಿನ್ನಿಗೆ ಟ್ರಾನ್ಸ್‌ಫಾರ್ಮರೇ ಇಲ್ಲ. ಹೊಸ ತಂತಿಯ ಕೆಳಗೆ ನಿಲ್ಲಿಸಿದರೆ ನನ್ನ ಮಿಕ್ಸಿಯ ಗತಿಯೇ.

ಹೀಗೆ ಏಳು ಎಂಜಿನ್ನುಗಳು ಒಂದೇ ಮಾರ್ಗಕ್ಕೆ ಅಂಟಿಕೊಂಡವು. ಅಲ್ಲಿ ಪ್ರಯಾಣಿಕರ ಗಾಡಿಗಳು ಇಳಿಮುಖವಾದವು. 1968ರಲ್ಲಿ, ಕೇವಲ ಹದಿನಾಲ್ಕು ಹದಿನೈದರ ಪ್ರಾಯದಲ್ಲಿ, ಇವನ್ನು ಮೂಲೆಗೆ ತಳ್ಳಲಾಯಿತು. ಮುಪ್ಪಿನಿಂದ ನಿವೃತ್ತಿ ಎನ್ನುವುದು ನನಗೆ ಅರ್ಥವಾಗುತ್ತದೆ, ಅದು ನನಗೂ ಹತ್ತಿರ ಬರುತ್ತಿದೆ. ಇವಕ್ಕೆ ಆದದ್ದು ಅದಲ್ಲ. ಇವುಗಳ ಮೋಟಾರು ಗಟ್ಟಿಯಾಗಿತ್ತು, ದಾರಿ ಮಾತ್ರ ಮುಗಿದುಹೋಗಿತ್ತು.

ಮತ್ತೆ ಕೈಹಿಡಿದದ್ದು ನೆದರ್ಲೆಂಡ್ಸೇ. 1969ರಲ್ಲಿ ಏಳನ್ನೂ ಕೊಂಡು, ಮಿನರ್ವಾವನ್ನು ಬಿಡಿಭಾಗಕ್ಕೆಂದು ಬಿಚ್ಚಿ, ಉಳಿದ ಆರನ್ನು ರಿಪೇರಿ ಮಾಡಿ ಓಡಿಸಿದರು. 1986ರವರೆಗೆ ಅವು ಅಲ್ಲಿ ದುಡಿದವು. ತವರಿನಲ್ಲಿ ದುಡಿದದ್ದಕ್ಕಿಂತ ಹೆಚ್ಚು!

ಆಮೇಲೆ ಬ್ರಿಟನ್ನಿನ 25,000 ವೋಲ್ಟಿನ ಎಂಜಿನ್ನುಗಳಿಗೂ ಸರದಿ ಬಂತು. 1973ರಿಂದ 75ರವರೆಗೆ ತಯಾರಾದ 36 ಎಂಜಿನ್ನುಗಳು ಲಂಡನ್ನಿನಿಂದ ಗ್ಲಾಸ್ಗೋಗೆ ಎಕ್ಸ್‌ಪ್ರೆಸ್ ಗಾಡಿಗಳನ್ನು ಗಂಟೆಗೆ 177 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತಿದ್ದವು. 2000ದ ನಂತರ ಹೊಸ ಪೆಂಡೊಲಿನೊ ಗಾಡಿಗಳು ಬಂದು ಇವು ಕೆಲಸ ಕಳೆದುಕೊಂಡವು. 2006ರಲ್ಲಿ ಎರಡು ಬಲ್ಗೇರಿಯಾಕ್ಕೆ ಹೋದವು, ಅವುಗಳ ಹಿಂದೆ ಇನ್ನಷ್ಟು. ಕೊನೆಗೆ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಸೇರಿ ಗೂಡ್ಸ್ ಗಾಡಿಗಳನ್ನು ಎಳೆಯತೊಡಗಿದವು. ಅಲ್ಲಿಯೂ 25,000 ವೋಲ್ಟ್, 50 ಹರ್ಟ್ಸ್. ಇಂಗ್ಲೆಂಡಿನ ಸುರಂಗ, ಸೇತುವೆಗಳು ಗಿಡ್ಡವಾದ್ದರಿಂದ ಅಲ್ಲಿಯ ಎಂಜಿನ್ನುಗಳೂ ಗಿಡ್ಡ. ಕುಳ್ಳನಿಗೆ ಯಾವ ಮನೆಯ ಬಾಗಿಲೂ ತಲೆಗೆ ತಗಲುವುದಿಲ್ಲ ನೋಡಿ.

"ನಮ್ಮ ದೇಶದಲ್ಲಿ ಸಾರ್?"

ನಮ್ಮಲ್ಲೂ ಒಂದು ಉದಾಹರಣೆ ಇದೆ. 1950ರ ದಶಕದಲ್ಲಿ ಕಲ್ಕತ್ತೆಯ ಕಡೆ 3000 ವೋಲ್ಟ್ ಡಿ.ಸಿ. ತಂತಿ ಎಳೆದು, ಇಂಗ್ಲೆಂಡ್ ಮತ್ತು ಜಪಾನಿನಿಂದ ಎಂಜಿನ್ನು ತರಿಸಿದ್ದರು. ಅಷ್ಟರಲ್ಲೇ ನಮ್ಮ ರೈಲ್ವೆಯೂ 25,000 ವೋಲ್ಟಿಗೆ ಮನಸ್ಸು ಮಾಡಿತು. ಅನಾಥವಾದ ಎಂಜಿನ್ನುಗಳನ್ನು 1500 ವೋಲ್ಟಿಗೆ ಮಾರ್ಪಡಿಸಿ ಮುಂಬಯಿಗೆ ಕಳಿಸಿದರು. 2016ರಲ್ಲಿ ಮುಂಬಯಿಯ ಕೊನೆಯ ಡಿ.ಸಿ. ಮಾರ್ಗವೂ ಎ.ಸಿ. ಆಯಿತು, ಆ ಬಾಗಿಲೂ ಮುಚ್ಚಿತು.

ಈಗ ಕೈತುಂಬ ಇರುವ ನಮ್ಮ ಹಳೇ ಎ.ಸಿ. ಎಂಜಿನ್ನುಗಳನ್ನು ಯಾರಿಗೆ ಮಾರೋಣ? ಐದೂವರೆ ಅಡಿ ಅಗಲದ ಹಳಿ ಇರುವ ದೇಶಗಳೇ ಕಡಿಮೆ. ನೆರೆಯ ಬಾಂಗ್ಲಾದೇಶ, ಶ್ರೀಲಂಕಾಗಳಲ್ಲಿ ಆ ಹಳಿಯಿದೆ, ಅದರ ಮೇಲೆ ತಂತಿಯಿಲ್ಲ. ಅದಕ್ಕೇ ಬಾಂಗ್ಲಾದೇಶಕ್ಕೆ 2020ರಲ್ಲಿ ಹತ್ತು, 2023ರಲ್ಲಿ ಇಪ್ಪತ್ತು ಎಂಜಿನ್ನು ಕೊಟ್ಟಾಗ ಅವೆಲ್ಲ ಡೀಸೆಲ್ಲಿನವು. ವಿದ್ಯುತ್ತಿನವು ಹೆಚ್ಚಾಗಿ ಗುಜರಿಗೇ.

ಹುಡುಗಿ ಮುಖ ಸಪ್ಪಗೆ ಮಾಡಿದಳು. ಸಮಾಧಾನಕ್ಕೆಂದು ಆ ಆರರಲ್ಲಿ ಮೂರು ಗುಜರಿಯಿಂದ ಪಾರಾದದ್ದನ್ನು ಹೇಳಿದೆ. ಎಲೆಕ್ಟ್ರಾ ಮತ್ತು ಅರಿಯಾಡ್ನಿ ಇಂಗ್ಲೆಂಡಿಗೆ ವಾಪಸಾದವು; ಡಯಾನಾವನ್ನು ನೆದರ್ಲೆಂಡ್ಸಿನ ರೈಲುಪ್ರಿಯರು ತಮ್ಮಲ್ಲೇ ಇಟ್ಟುಕೊಂಡರು.

"ಅದೊಂದು ಯಾಕೆ ಸಾರ್ ಊರಿಗೆ ಹೋಗಲಿಲ್ಲ?"

"ಹೋಗಿ ಏನು ಮಾಡುತ್ತಮ್ಮ? ವುಡ್‌ಹೆಡ್ ಮಾರ್ಗವನ್ನು 1981ರಲ್ಲೇ ಮುಚ್ಚಿ ಹಳಿ ಕಿತ್ತಿದ್ದಾರೆ. ಅದರ ಕರೆಂಟು ಇರೋದು ನೆದರ್ಲೆಂಡ್ಸಿನಲ್ಲಿ."