ಆಟದ ದುಡ್ಡು ಯಾರ ಕೈಯಲ್ಲಿ?



ರಾಸ್ ಅಲ್ ಖೋರ್‌ನ ನಮ್ಮ ಕ್ರೀಡಾ ಸಮಿತಿಗೆ ಹೆಸರು ಸೂಚಿಸುವ ಮುನ್ನ ಊರ ಕಡೆಯ ಒಂದು ಸಂಗತಿ ಕೇಳಿ.

ಭಾರತ ಸರ್ಕಾರ 1998ರಲ್ಲಿ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ನಿಧಿ ಸ್ಥಾಪಿಸಿತು. ಅದರ ಮಂಡಲಿಗೆ ಕ್ರೀಡಾ ಮಂತ್ರಿಗಳೇ ಅಧ್ಯಕ್ಷರು. 2001ರಲ್ಲಿ ನಮ್ಮ ಪ್ರಕಾಶ್ ಪಡುಕೋಣೆ (ಪಡುಕೋಣೆ ಕುಂದಾಪುರದ ಹತ್ತಿರದ ಊರು ತಾನೇ!) ಬಿಲಿಯರ್ಡ್ಸ್‌ನ ಗೀತ್ ಸೇಠಿಯವರೊಡನೆ ಸರ್ಕಾರದ ಹೊರಗೆ ‘ಒಲಿಂಪಿಕ್ ಗೋಲ್ಡ್ ಕ್ವೆಸ್ಟ್’ ಕಟ್ಟಿದರು. ದೇಣಿಗೆ ಎತ್ತಿ ಆಟಗಾರರ ತರಬೇತಿಗೆ, ಚಿಕಿತ್ಸೆಗೆ, ಪ್ರಯಾಣಕ್ಕೆ ಕೊಡುವುದು ಅದರ ಕೆಲಸ. ಮಂಡಲಿಗೆ ಚದುರಂಗದ ವಿಶ್ವನಾಥನ್ ಆನಂದ್ ಬಂದರು. 2009ರಲ್ಲಿ ಆಡಳಿತ ವಹಿಸಿಕೊಂಡವರು ಹಾಕಿಯ ವೀರೆನ್ ರಸ್ಕೀನಾ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ 6 ಪದಕಗಳಲ್ಲಿ 4 ಇವರ ನೆರವು ಪಡೆದವರದು.

ಕಾಲು ಉಳುಕಿದ ಹುಡುಗಿಗೆ ಚಿಕಿತ್ಸೆ ನಾಳೆಯೇ ಬೇಕು, ಮುಂದಿನ ಸಭೆಯ ನಂತರವಲ್ಲ ಎಂಬುದು ಆಡಿದವರಿಗೆ ಗೊತ್ತು. ಲೆಕ್ಕ ಬಲ್ಲವರು ಸಮಿತಿಯಲ್ಲಿ ಇರಲೇಬೇಕು. ಜೊತೆಗೆ ಷಟಲ್ ಆಡುವ ಇಬ್ಬರನ್ನೂ, ಅವರಲ್ಲಿ ಒಬ್ಬ ಸೋದರಿಯನ್ನೂ ಈ ಸಲ ಸೂಚಿಸಿ.