ಒಂದಕ್ಕೆ ಹತ್ತು ಸಸಿ: ಲೆಕ್ಕ ತಪ್ಪಿದೆ

ಸಂಪಾದಕರೇ,

ಒಂದು ಮರ ಕಡಿದು ಹತ್ತು ಸಸಿ ನೆಟ್ಟರೆ ಇಂಗಾಲದ ಲೆಕ್ಕ ಸರಿಹೋಗುತ್ತದೆ ಎಂಬ ನಿಮ್ಮ ಲೇಖಕರ ವಾದವನ್ನು ಒಪ್ಪಲಾಗದು. 2025ರ ಏಪ್ರಿಲ್‌ನಲ್ಲಿ ನಮ್ಮ ಮೈಸೂರಿನ ಹೈದರ್ ಅಲಿ ರಸ್ತೆಯಲ್ಲಿ 40 ಮರಗಳು ಉರುಳಿದಾಗಲೂ ಸಸಿಯ ಸಮಾಧಾನವೇ ಕೇಳಿಬಂತು.

ಒಣಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಒಂದು ಟನ್ ಒಣಸೌದೆ ಉರಿದರೆ ಸುಮಾರು 1.8 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಅದೂ ತಕ್ಷಣ. ಬೆರಳುಗಾತ್ರದ ಸಸಿಗಳು ಅದನ್ನು ಮರಳಿ ಹೀರಲು ವರ್ಷಗಟ್ಟಲೆ ಬೇಕು. ಮೊದಲ ಬೇಸಿಗೆಗಳಲ್ಲಿ ನೀರು ಹಾಕುವವರೂ ಬೇಕು. ಬೇಲಿಯೊಳಗೆ ಬರೀ ಒಣಕಡ್ಡಿ ನಿಂತಿದ್ದರೂ ಕಡತದಲ್ಲಿ ಅದು ಸಸಿಯೇ! ಇನ್ನು ಮರವಿದ್ದ ನೆಲಕ್ಕೆ ಡಾಂಬರು ಬಿದ್ದರೆ ತರಗೆಲೆ ಕೊಳೆತು ಮಣ್ಣು ಸೇರುವುದೂ ನಿಂತಿತು. ಲೇಖನದಲ್ಲಿ ಆ ಮಣ್ಣಿನ ಸುದ್ದಿಯೇ ಇಲ್ಲ.

ಕೆರೆಗಳು ಮೀಥೇನ್ ಬಿಡುತ್ತವೆ, ಮುಚ್ಚಿದರೆ ಲಾಭ ಎಂಬ ಅದೇ ಲೇಖನದ ಮಾತು ಇನ್ನೂ ಅಪಾಯಕಾರಿ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು ಬಿಸಿಯೇರಿಸುವುದು ನಿಜ. ಆದರೆ ಕೆರೆಗೆ ಕೊಳಚೆ ನೀರು ಸೇರಿದಷ್ಟೂ ಮೀಥೇನ್ ಹೆಚ್ಚುತ್ತದೆ. ತಡೆಯಬೇಕಾದದ್ದು ಕೊಳಚೆಯನ್ನು, ಕೆರೆಯನ್ನಲ್ಲ.

ಮರ, ಕೆರೆ, ರಸ್ತೆಗಳನ್ನು ಹೋಲಿಸುವುದಾದರೆ ಲೇಖಕರು ಮುಂದಿನ 30 ವರ್ಷಗಳ ಲೆಕ್ಕವನ್ನು ವರ್ಷವಾರು ಕೊಡಲಿ; ಬದುಕುಳಿದ ಸಸಿಗಳನ್ನಷ್ಟೇ ಎಣಿಸಲಿ.

– ಒಂಟಿಕೊಪ್ಪಲಿನ ಓದುಗ